ಸರಪಳಿ ಕತ್ತರಿಸಿದವರು ಯಾರು

ಮೂರು ವರ್ಷ ಕಾದಿದ್ದೆವು, ನಾನೂ ಅಕ್ಕ ಅಗನೇಥಾಳೂ.
ನಾಲ್ಕನೆಯ ಸಂಪುಟದ ಕೊನೆಯ ಪುಟದಲ್ಲಿ
ಕೈದಿಗಳ ಹಡಗಿಗೆ ಬೆಂಕಿ ಬಿದ್ದಿತ್ತು,
ಎತಿಯೆನ್ ಇನ್ನೂ ಹುಟ್ಟಿಗೆ ಬಿಗಿದ ಸರಪಳಿಯಲ್ಲಿದ್ದ,
ಮಾರ್ಸೇಯ ದಡದಲ್ಲಿ ಇಸಬೋ
ರೊಟ್ಟಿಯೊಳಗೆ ಬೈಬಲ್ ಅಡಗಿಸಿಕೊಂಡು
ಹೊಗೆ ನೋಡುತ್ತ ನಿಂತಿದ್ದಳು.

ಕಾನ್ಸಸ್ಸಿನ ನಮ್ಮ ಊರಿಗೆ ಸಮುದ್ರ ಗೊತ್ತಿಲ್ಲ.
ಇರುವುದು ಗೋಧಿ, ಗಾಳಿ, ಧಾನ್ಯದ ಗೋಪುರ,
ಚರ್ಚಿನ ನೆಲಮಾಳಿಗೆಯಲ್ಲಿ ಎರಡು ಕಪಾಟು ಪುಸ್ತಕ.
ಫ್ರೀಡಾ ಶ್ಮಿಟ್ ಫೋನು ಮಾಡಿ "ಬಂತು" ಅಂದದ್ದೇ ತಡ
ಹಿಮದಲ್ಲೇ ಗಾಡಿ ತೆಗೆದೆ,
ಒಲೆಯ ಮೇಲಿನ ಎಲೆಕೋಸಿನ ಸಾರನ್ನೂ ಇಳಿಸದೆ.

ಅಕ್ಕನ ಕಣ್ಣಿಗೆ ನಡುವೆಲ್ಲ ಮಸುಕು, ಅಂಚಿನಲ್ಲಷ್ಟೇ ಬೆಳಕು.
ನನ್ನ ಮುಖ ಕಾಣದು, ಕಿವಿ ಕಾಣುತ್ತದಂತೆ.
ದಿನಾ ಸಂಜೆ ಏಳಕ್ಕೆ, ಆಶ್ರಮದ ಹದಿನಾಲ್ಕನೆಯ ಕೋಣೆಯಲ್ಲಿ
ನಾನು ಓದಬೇಕು,
ಅವಳು ಮಂಚದ ಸರಳನ್ನು ಹುಟ್ಟಿನಂತೆ ಹಿಡಿದು ಕೇಳಬೇಕು.

ಓದಿದೆ.
ಹನ್ನೆರಡನೆಯ ಪುಟಕ್ಕೇ ಎತಿಯೆನ್ ದಡದಲ್ಲಿದ್ದಾನೆ.
ಒಣಗಿದ ಬಟ್ಟೆ. ನುಣ್ಣಗೆ ಬೋಳಿಸಿದ ಗಡ್ಡ.
ದೇವರ ಕೃಪೆಯಿಂದ ಪಾರಾದೆ, ಅನ್ನುತ್ತಾನೆ. ಅಷ್ಟೇ.
"ಸರಪಳಿ?" ಅಂದಳು ಅಕ್ಕ.
ಹಿಂದೆ ತಿರುವಿದೆ, ಮುಂದೆ ತಿರುವಿದೆ,
ಹಾಳೆ ಅಂಟಿಕೊಂಡಿವೆಯೋ ಎಂದು ಉಗುರಲ್ಲಿ ಕೆರೆದೆ.
ಕೃಪೆಯ ಮೇಲೆ ನನ್ನ ತಕರಾರಿಲ್ಲ.
ಆದರೆ ಕೃಪೆಗೂ ಒಂದು ಅರ ಬೇಕಲ್ಲವೇ,
ಕಬ್ಬಿಣ ಉಜ್ಜಲು ಯಾರದೋ ಒಂದು ಕೈ,
ಉಜ್ಜಿ ಉಜ್ಜಿ ಸುಲಿದುಹೋದ ಅಂಗೈ?

ಅಲ್ಲಿಂದಾಚೆಗೆ ಬರೀ ಚಹಾ.
ಅಧ್ಯಾಯಕ್ಕೊಂದು ಪ್ರಾರ್ಥನೆ, ಪ್ರಾರ್ಥನೆಗೊಂದು ಲೇಸಿನ ಪರದೆ.
ಎರಡನೆಯ ಸಂಪುಟದಲ್ಲಿ ಹಳ್ಳಿಗೆ ಹಳ್ಳಿಯನ್ನೇ ಸುಟ್ಟ ಕಪ್ತಾನ
ಅರ್ಧ ಪುಟದಲ್ಲಿ ಮೊಣಕಾಲೂರಿ ಅತ್ತು
ಉಳಿದರ್ಧದಲ್ಲಿ ಮದುವೆಗೆ ಪಿಟೀಲು ಬಾರಿಸುತ್ತಾನೆ.
ಮತ್ತೆ ಆ ನಾಯಿ, ಮೊದಲಿನಿಂದ ಜೊತೆಗಿದ್ದ ಒಕ್ಕಣ್ಣ ನಾಯಿ,
ಅದರ ಸುದ್ದಿಯೇ ಇಲ್ಲ.
ಬರೆದವಳಿಗೆ ಸುಸ್ತಾಗಿತ್ತೇನೋ,
ಪ್ರಕಾಶಕರು ಬಾಗಿಲು ಬಡಿಯುತ್ತಿದ್ದರೇನೋ.
ಹಿಂಬದಿಯ ಫೋಟೋದಲ್ಲಿ ಆಕೆಯೂ ನಗುತ್ತಿಲ್ಲ.

ಸಾವಿರದ ಏಳುನೂರು ಪುಟ ಕಾದಿದ್ದ ಅವರಿಬ್ಬರ ಭೇಟಿ
ಮೂರೇ ಸಾಲು.

ಮೂರು ಸಾಲೆಂದರೆ ಏನೆಂದು ಅಕ್ಕನಿಗೆ ಗೊತ್ತು.
ಬಂದೂಕು ಹಿಡಿಯಲೊಲ್ಲದ ನಮ್ಮ ಹುಡುಗರು
ಅದರ ಬದಲಿಗೆ ಆಸ್ಪತ್ರೆಗಳ ನೆಲ ಒರೆಸುತ್ತಿದ್ದ ಕಾಲ;
ಕೊರ್ನೇಲಿಯಸ್ ಎಂಬವನು ಡೆನ್ವರಿಗೆ ಹೋದ.
ಎರಡು ಸುಗ್ಗಿ ಕಳೆದ ಮೇಲೆ ಕಾಗದ ಬಂತು.
ಅವಳು ತೋರಿಸಲಿಲ್ಲ, ನಾನು ಕದ್ದು ಓದಿದೆ,
ಇವತ್ತಿನವರೆಗೂ ಹೇಳಿಲ್ಲ.

ಅದಕ್ಕೇ ಆ ಪುಟ ಬಂದಾಗ ಕನ್ನಡಕ ಒರೆಸಿಕೊಂಡು
ಇಲ್ಲದ್ದನ್ನು ಓದತೊಡಗಿದೆ:
ಇಸಬೋ ಅವನ ಗುರುತು ಹಿಡಿಯಲಿಲ್ಲ.
ಕಣಕಾಲಿನ ಸುತ್ತ ಬಳೆಯಂತೆ ಕೀವುಗಟ್ಟಿದ ಗಾಯ.
ಅರ ಕೊಟ್ಟವನು ಪಕ್ಕದ ಹುಟ್ಟಿನ ತುರ್ಕಿ ಮುದುಕ,
ತನ್ನ ಸರಪಳಿಗೆ ಅವನಿಗೆ ಹೊತ್ತು ಸಾಲಲಿಲ್ಲ.
ಮೊದಲು ಮೂಸಿದ್ದು ನಾಯಿ.
ಆಮೇಲೂ ಅವರು ಅಪ್ಪಿಕೊಳ್ಳಲಿಲ್ಲ.
ರೊಟ್ಟಿ ಮುರಿದು ಕೊಟ್ಟಳು,
ಅವನು ತಿನ್ನುವುದನ್ನೇ ನೋಡಿದಳು, ಕೋಪದಿಂದ.

ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ, ಅನ್ನುವ ಜನ ನಾವು,
ಕೋರ್ಟಿನಲ್ಲೂ ಆಣೆಯಿಡದವರು.
ಸದ್ದಿಗೆಂದು ಸುಮ್ಮನೆ ಒಂದು ಹಾಳೆ ತಿರುವಿದೆ,
ಕೈ ನಡುಗಿತು.

"ಜಸ್ಟೀನಾ, ಇದು ಅಚ್ಚಾದದ್ದಲ್ಲ."
"ಅಲ್ಲ."
ಹೊರಗೆ ಯಾರದೋ ಗಾಲಿಕುರ್ಚಿ ಕಿರ್ರೆಂದು ದಾಟಿಹೋಯಿತು.
"ಕೋಪದಿಂದ ಅಂದೆಯಲ್ಲ," ಅಂದಳು ಅಕ್ಕ,
"ಎಷ್ಟು ಕೋಪ?"