ಎರಡು ಕಡ್ಡಿ ಸಿಗ್ನಲ್

ಚಿಲಿಯ ಭೂಪಟದಲ್ಲಿ ನಮ್ಮ ಕಡೆ
ಹರಿದ ಬಟ್ಟೆಯ ಅಂಚು.
ಲಿಲೆಕುರದಲ್ಲಿ ಫೋನು ಹಿಡಿಯುವುದಿಲ್ಲ,
ಗುಡ್ಡ ಅಡ್ಡ. ಆಚೆ ದಡದಲ್ಲೂ ಇಲ್ಲ,
ಅಲ್ಲಿ ಇನ್ನೊಂದು ಗುಡ್ಡ.
ಸಿಗುವುದು ಕಡಲಗಂಡಿಯ ನಟ್ಟನಡುವೆ ಮಾತ್ರ:
ಎರಡು ಕಡ್ಡಿ, ಏಳು ನಿಮಿಷ,
ಉಬ್ಬರವಿದ್ದರೆ ಆರು.

ನಾನು ಟಿಕೆಟ್ಟು ಹರಿಯುವವಳು.
ಬೆಳಿಗ್ಗೆ ಆರೂ ನಲವತ್ತಕ್ಕೆ ಬಾರ್ಜಿನ ಹಲಗೆ
ಜಲ್ಲಿಯ ಮೇಲೆ ಕರ್ರೆಂದು ಬೀಳುತ್ತದೆ;
ಮೊದಲು ಓನೊಫ್ರೆಯ ಬ್ರೆಡ್ಡಿನ ವ್ಯಾನು,
ಆಮೇಲೆ ಸಾಲ್ಮನ್ ಪಂಜರಗಳಿಗೆ ಹೋಗುವ ಹುಡುಗರು,
ರಬ್ಬರು ಬೂಟು, ನಿದ್ದೆ ಹರಿಯದ ಕಣ್ಣು;
ಕೆಂಪು ಪಾಚಿಯ ಮೂಟೆ, ಮೂಟೆಗೊರಗಿ ಎದುವೀನಾ;
ಒಮ್ಮೊಮ್ಮೆ ಒಂದು ಹಂದಿ. ಹಂದಿಗೆ ಅರ್ಧ ಟಿಕೆಟ್ಟು,
ಯಾರು ಯಾವಾಗ ಮಾಡಿದ ನಿಯಮವೋ,
ಕಂಪನಿಯ ಪುಸ್ತಕದಲ್ಲಂತೂ ಇಲ್ಲ.

ದಡ ಬಿಟ್ಟ ಮೇಲೆ ಯಾರೂ ಮಾತಾಡುವುದಿಲ್ಲ.
ಹಳದಿ ತೇಲುಬುರುಡೆ ದಾಟುವುದನ್ನೇ ಕಾಯುತ್ತಾರೆ,
ಕೋಟಿನ ಜೇಬಲ್ಲಿ ಕೈ.
ದಾಟಿತೋ,
ಇಡೀ ಬಾರ್ಜು ಒಮ್ಮೆಲೇ ಹಲೋ ಅನ್ನುತ್ತದೆ.

ಇಲ್ಲಿ ನಿಂತು ಹಸು ಮಾರಿದ್ದಾರೆ, ಸಾಲ ತೀರಿಸಿದ್ದಾರೆ.
ಮಗುವಿಗೆ ಎರ್ಮೆಲಿಂದಾ ಎಂದು ಇಲ್ಲಿಂದ ಕೂಗಿದರೆ
ಗಾಳಿ ಅರ್ಧ ಹಾರಿಸಿ, ರಿಜಿಸ್ಟರಿನಲ್ಲಿ
ಬರೀ ಲಿಂದಾ ಆಯಿತು. ಈಗ ಶಾಲೆಗೆ ಹೋಗುತ್ತಾಳೆ.
ನರ್ಸ್ ಗ್ರಿಸೆಲ್ದಾಳ ಮದುವೆ ಮುರಿದದ್ದು
ಈ ಹಿಂದಿನ ಕಟಕಟೆಗೆ ಒರಗಿಯೇ;
ಇಳಿಯುವಾಗ ಚಿಲ್ಲರೆ ಸರಿಯಾಗಿ ಎಣಿಸಿಕೊಟ್ಟಳು.

ಕೆಟ್ಟ ಸುದ್ದಿಯೂ ಇಲ್ಲೇ ಬರುವುದು.
ಬಂದರೆ ಎದ್ದು ಹೋಗಲು ಬಾಗಿಲಿಲ್ಲ.
ಮುಖ ಮರೆಸಲು ಬ್ರೆಡ್ಡಿನ ವ್ಯಾನಿನ ಬೆನ್ನೊಂದೇ.
ಎದುವೀನಾಳಿಗೆ ಮಗನ ದೋಣಿಯ ಸುದ್ದಿ ಬಂದ ದಿನ
ನಾವೆಲ್ಲ ಕಡಲು ನೋಡಿದೆವು,
ಹುಟ್ಟಿದಾಗಿನಿಂದ ನೋಡಿದ ಕಡಲನ್ನೇ,
ಹೊಸದಾಗಿ ತಂದಿಟ್ಟಿದ್ದಾರೆ ಎಂಬಂತೆ.

ಆ ದಿನವೇ ಇರಬೇಕು ಶುರುವಾದದ್ದು.
ಬೆಲಾರ್ಮೀನೊ, ನಮ್ಮ ಚಾಲಕ,
ಮೂವತ್ತು ವರ್ಷ ಗಡಿಯಾರದ ಮುಳ್ಳು ನುಂಗಿದವನು,
ಎಂಜಿನ್ನಿನ ಹಿಡಿಯಿಂದ ಕೈ ತೆಗೆದ.
ನಡುನೀರಲ್ಲಿ ಕೈಬಿಟ್ಟ ಎನ್ನುತ್ತಾರಲ್ಲ, ಬೈಗುಳದ ಹಾಗೆ,
ನಮ್ಮಲ್ಲಿ ಅದರ ಅರ್ಥ ಬೇರೆ.
ಅವನು ಕೈಬಿಟ್ಟ. ಬಾರ್ಜು ನಿಂತಲ್ಲೇ ತೇಲಿತು
ಎರಡು ಕಡ್ಡಿಯ ಕೆಳಗೆ, ಅವಳ ಮಾತು ಮುಗಿಯುವ ತನಕ.
ಹದಿನೇಳು ನಿಮಿಷ.
ತಡವಾದದ್ದೇಕೆ ಎಂಬಲ್ಲಿ ಬರೆದ: ಮಂಜು.
ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಆಮೇಲೆ ನಮ್ಮ ಪುಸ್ತಕದಲ್ಲಿ ಮಂಜು ಹೆಚ್ಚಾಯಿತು.
ನಡು ಬೇಸಿಗೆಯ ಜನವರಿಯಲ್ಲೂ ಮಂಜು.
ಯಾರದೋ ಹೆರಿಗೆಗೆ ಮಂಜು,
ಸೆರೆಮನೆಯಿಂದ ತಮ್ಮ ಮಾತಾಡಿದ್ದಕ್ಕೆ ಮಂಜು.
ಕಂಪನಿಯ ಸಾಹೇಬ ಬಂದು ಪುಟ ತಿರುವಿ ಕೇಳಿದ.
"ಈ ಕಡೆಯ ಹವೆ ಹಾಗೇ ಸ್ವಾಮಿ," ಅಂದ ಓನೊಫ್ರೆ,
ಬಿಸಿ ಬ್ರೆಡ್ಡು ಅವನ ಕೈಗಿಡುತ್ತ.

ಕಳೆದ ಮಂಗಳವಾರ, ಬುರುಡೆ ದಾಟಿದಾಗ,
ಬಾರಿಸಿದ್ದು ಬೆಲಾರ್ಮೀನೊನ ಜೇಬು.
ಅವನಿಗೂ ಫೋನಿದೆಯೆಂದು ನಮಗೆ ಗೊತ್ತಿರಲಿಲ್ಲ.
ಕಿವಿಗಿಟ್ಟುಕೊಂಡ. ಏನೂ ಅನ್ನಲಿಲ್ಲ.
ಒಂದು ಕೈ ಹಿಡಿಯ ಮೇಲೇ ಇತ್ತು, ಬಾರ್ಜು ಓಡುತ್ತಲೇ ಇತ್ತು,
ತನಗಾಗಿ ಕೈಬಿಡುವುದು ಹೇಗೆಂದು
ಯಾರೂ ಕಲಿಸದವನ ಹಾಗೆ.

ಎದುವೀನಾ ಮೂಟೆಯಿಂದ ಎದ್ದಳು.
ಒದ್ದೆ ಬೂಟಿನಲ್ಲೇ ಕಬ್ಬಿಣದ ಏಣಿ ಹತ್ತಿ
ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಎಂಜಿನ್ನಿನ ಸದ್ದು ಇಳಿಯಿತು.
ಅಂದು ಹಂದಿಯೂ ಇತ್ತು, ಒಮ್ಮೆ ಕೆಮ್ಮಿತು.
ನಾನು ಕಡಲು ನೋಡುತ್ತ ನಿಂತೆ,
ಹರಿದ ಟಿಕೆಟ್ಟುಗಳು ಮುಷ್ಟಿಯಲ್ಲಿ.

ಪುಸ್ತಕದಲ್ಲಿ ಆ ಮಂಗಳವಾರದ ಎದುರು
ಮಂಜು ಎಂದಿದೆ.
ಕಾಗುಣಿತ ತಪ್ಪಿದೆ, ಪಾಚಿಯ ಕೆಂಪು ಹತ್ತಿದೆ.