ಬೋಳು ಮೂತಿ

ಕೆಲವು ಕೋವಿಗಳು ಕಾರ್ಖಾನೆಯಿಂದಲೇ
ಮೂತಿಗೆ ತಿರುಪು ಕೊರೆಸಿಕೊಂಡು ಬರುತ್ತವೆ.
ಮುಚ್ಚಳ ಬಿಚ್ಚಿ ಬ್ರೇಕು ತಿರುಗಿಸಿ
ಕಾಸು ಎಣಿಸಿಕೊಂಡರಾಯಿತು.

ವೆರ್ನಾ ಹೌಗನ್ ತಂದದ್ದು ಅಂಥದ್ದಲ್ಲ.
ಗಂಡನ ಕಾಲದ್ದು. ನೀಲಿ ಸವೆದ ನಳಿಗೆ, ಬೋಳು ಮೂತಿ.
"ಭುಜದ ಮೂಳೆಗೆ ಮೂರು ತಿರುಪುಮೊಳೆ ಬಿಗಿದಿದ್ದಾರೆ, ಆರ್ಲೋ.
ಒದೆ ತಾಳಲಾರೆ.
ಎಲ್ಕ್ ಬೇಟೆ ಬಿಡಲಾರೆ."

ಲೇತಿಗೆ ಕಟ್ಟಿದೆ, ಹೊರಮೈ ನಂಬದೆ,
ಗುಂಡು ನಡೆವ ಒಳದಾರಿಯನ್ನೇ ನಡುವೆಂದು ಹಿಡಿದು.
ಕೂದಲೆಳೆ ಓರೆಯಾದರೂ ಗುಂಡು ಬ್ರೇಕಿಗೆ ಬಡಿಯುತ್ತದೆ,
ಬಾಯಿ ದಾಟುವ ಮೊದಲೇ ಹಲ್ಲಿಗೆ ಸಿಕ್ಕ ಮಾತಿನ ಹಾಗೆ.
ಕಿಟಕಿಯಾಚೆ ಬಿಟರ್‌ರೂಟ್ ಬೆಟ್ಟಕ್ಕೆ ಮೊದಲ ಹಿಮ;
ಈಚೆ ಬಿಸಿ ಉಕ್ಕಿನ ಸುರುಳಿ
ನನ್ನ ಬೂಟಿನ ಮೇಲೆ.

ಸಂಜೆ ಗುಡ್ಡದ ಬುಡದಲ್ಲಿ ಒಂದೇ ಗುಂಡು.
ಕೋವಿ ಅಲುಗಿತೋ ಇಲ್ಲವೋ.
ವೆರ್ನಾ ತಿರುಗಿದಳು, ನಕ್ಕಳು, ಏನೋ ಹೇಳಿದಳು.
ತುಟಿ ಆಡಿದ್ದು ಕಂಡೆ.
ಪಕ್ಕದಲ್ಲೇ ನಿಂತಿದ್ದೆನಲ್ಲ,
ಕಿವಿಯ ಮುಚ್ಚಳ ಕತ್ತಿಗೆ ಜಾರಿಸಿ, ನಲವತ್ತು ವರ್ಷದ ಕಸುಬಿನ ಧಿಮಾಕಿನಲ್ಲಿ.
ಅವಳ ನಾಯಿ ಆಗಲೇ ಟ್ರಕ್ಕಿನಡಿ ಸೇರಿತ್ತು.

ಬಿಲ್ಲಿನಲ್ಲಿ ಬರೆದೆ: ತಿರುಪು ಕೊರೆದದ್ದು, ಬ್ರೇಕು, ಕೂಲಿ.
ಕೆಳಗೆ, ಜಾಗ ಉಳಿದಿತ್ತು:
ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗು.