ಚಕ್ರ ಬಿಡುವ ಗುಂಡಿ

ಕೊಮೊದೋರೊ ಬಸ್ ನಿಲ್ದಾಣದಲ್ಲಿ
ಗಾಳಿಗೂ ಒಂದು ಟಿಕೇಟು ಹರಿಯಬೇಕು,
ಬಾಗಿಲು ತೆರೆದಾಗಲೆಲ್ಲ ಒಳಗೆ ಅದೇ ಮೊದಲು.
ನನ್ನ ಗೂಡಂಗಡಿಯಲ್ಲಿ ಬಿಸ್ಕತ್ತು, ಬ್ಯಾಟರಿ, ಬಾಚಣಿಗೆ,
ಮತ್ತೆ ಆ ಪೆಟ್ಟಿಗೆಗೆ ಹಾಕುವ ಹಿತ್ತಾಳೆ ಬಿಲ್ಲೆ.

ಪೆಟ್ಟಿಗೆ ಬಂದದ್ದು ಹೋದ ವರ್ಷ. ಹೊಸದೇ,
ವೇಷ ಮಾತ್ರ ಹಳೆಯದು:
ಅಂಚಿನ ಬಣ್ಣ ಕಾರ್ಖಾನೆಯಲ್ಲೇ ಕೆರೆದು ಕಳಿಸಿದ್ದಾರೆ,
ಗಾಜಿನ ಮೇಲೆ ಓಡುವ ಗೆರೆಗಳು ಬೇಕಂತಲೇ,
ಯಾರೂ ಸೇದದ ಸಿಗರೇಟಿನ ಸುಟ್ಟ ಕಲೆಯೂ ಅಚ್ಚು ಹಾಕಿದ್ದು.
ಹೆಸರು ಆಲ್ಕೋನ್ ಏಳು. ಆಲ್ಕೋನ್ ಅಂದರೆ ಗಿಡುಗ.
ಚೌಕ ಚೌಕ ಮೋಡ, ಚೌಕ ಚೌಕ ಬೆಂಕಿ,
ಕೆಳಗೆ ಕಡಲು—ಒಂದೇ ಚಾದರವನ್ನು
ಎಳೆದೆಳೆದು ಹಾಸಿದ ಹಾಗೆ.

ಉಲೀಸೆಸ್, ಚಾಲಕನ ಮಗ, ಕುರ್ಚಿ ಸಮೇತ ಓಲಾಡಿ
ಡಬಡಬಡಬ ನಲವತ್ತು ಸಾವಿರ ಗಳಿಸುತ್ತಾನೆ.
ಬಿದ್ದ ವಿಮಾನಕ್ಕೆ ಇನ್ನೂರು,
ಸಾಲಾಗಿ ಬಿದ್ದರೆ ದುಪ್ಪಟ್ಟು.

ಎವಾರಿಸ್ಟೊ ಬರುವುದು ಮಂಗಳವಾರ,
ರಕ್ತದೊತ್ತಡದ ಮಾತ್ರೆ ತಗೊಂಡು ಮರಳುವಾಗ.
ಮೂರು ಬಿಲ್ಲೆ. ಚಿಲ್ಲರೆ ಎಣಿಸಿ, ಮತ್ತೆ ಎಣಿಸಿ.
ಕೂರುವ ಮುಂಚೆ ಪೆಟ್ಟಿಗೆಗೆ ಒಂದು ಸುತ್ತು ಬರುತ್ತಾನೆ,
ತಟ್ಟುತ್ತಾನೆ, ಬಗ್ಗಿ ಅಡಿ ನೋಡುತ್ತಾನೆ,
ಸಂತೆಯಲ್ಲಿ ಕುದುರೆಯ ಗೊರಸು ನೋಡುವವನ ಹಾಗೆ.

ಗುಂಡು ಹಾರಿಸುವುದೇ ಇಲ್ಲ.
ಕೆಂಪು ವಿಮಾನಗಳು ಜೇನಿನಂತೆ ಮುತ್ತಲಿ,
ಎಡಕ್ಕೆ ವಾಲಿ ಬಲಕ್ಕೆ ವಾಲಿ ನುಣುಚಿ
ಕೋಲನ್ನು ಮೆಲ್ಲಗೆ ಮುಂದೆ ಒತ್ತುತ್ತಾನೆ:
ಕೆಳಗೆ. ಇನ್ನೂ ಕೆಳಗೆ.
ನೀಲಿ ಹತ್ತಿರ ಬರುತ್ತದೆ, ಹತ್ತಿರ ಬಂದು ನಿಲ್ಲುತ್ತದೆ.
ಅದಕ್ಕಿಂತ ಕೆಳಗೆ ಆಟದಲ್ಲಿ ಜಾಗವಿಲ್ಲ,
ತಾಗುವುದಿಲ್ಲ, ಮುಳುಗುವುದೂ ಇಲ್ಲ.
ಹಿಂದಿನಿಂದ ಯಾವನೋ ಹೊಡೆಯುತ್ತಾನೆ. ಚೌಕ ಬೆಂಕಿ.
ಅಂಕ: ಸೊನ್ನೆ.

"ಅಜ್ಜಾ, ಕೆಂಪು ಗುಂಡಿ ಒತ್ತು, ಕೆಂಪು!"
"ಚಕ್ರ ಬಿಡುವ ಗುಂಡಿ ಯಾವುದು?"
ಹುಡುಗರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ.

ಒಂದು ಮಂಗಳವಾರ ಬಸ್ಸೇ ಬರಲಿಲ್ಲ,
ಹೆದ್ದಾರಿಯಲ್ಲಿ ಗಾಳಿ ಲಾರಿ ಮಗುಚಿತ್ತು.
ನೀರು ಕಾಯಿಸಿ ಮಾಟೆಯ ಬುರುಡೆ ಅವನ ಕೈಗಿಟ್ಟೆ.
ಹೀರಿದ. ಕೊಟ್ಟ. ತುಂಬಿಸಿದೆ. ಹೀರಿದ.
ಮೂರನೆಯ ಸುತ್ತಿಗೆ ಮಾತು ಹೊರಟಿತು.
ಎಂಬತ್ತೆರಡು. ರಿಯೊ ಗಾಯೆಗೋಸಿನ ವಾಯುನೆಲೆ.
ಹತ್ತೊಂಬತ್ತು ವರ್ಷ, ಏಣಿಯ ಕೆಲಸ:
ಪೈಲಟ್ ಹತ್ತಿದ ಮೇಲೆ ತೆಗೆಯುವುದು,
ಮರಳಿದ ಮೇಲೆ ಇಡುವುದು.
"ತೆಗೆಯುವಾಗ ಎಲ್ಲರಿಗೂ ತೆಗೆದೆ," ಎಂದ.
ಬುರುಡೆ ಬರಿದಾಗಿ ಕೊಳವೆ ಗೊರಗೊರ ಅಂತು.
"ಒಂದು ಏಣಿ ಹಿಡಿದು ರಾತ್ರಿಯಿಡೀ ನಿಂತಿದ್ದೆ.
ಬೆಳಿಗ್ಗೆ ಸಾರ್ಜೆಂಟ್ ಬಂದು ಬೆರಳು ಬಿಡಿಸಿದ, ಒಂದೊಂದಾಗಿ.
ಚಳಿಗೆ ಕಬ್ಬಿಣ ಕಚ್ಚಿತ್ತು."

ಪೆಟ್ಟಿಗೆ ರಿಪೇರಿಯವನಿಗೆ ಫೋನು ಮಾಡಿದೆ.
ಇಳಿಯಲು ಏನಾದರೂ ಉಪಾಯವಿದೆಯೇ?
"ಅಮ್ಮಾ, ಇದು ಹೊಡೆದಾಟ," ಎಂದ,
"ನೆಲ ಕೇಳಿದವರು ನೀವೇ ಮೊದಲು."

ಮುಂದಿನ ಮಂಗಳವಾರ, ಮೂರನೆಯ ಬಿಲ್ಲೆ.
ಅವನು ಇಳಿಸುತ್ತಿದ್ದ, ಕತ್ತಿನ ನರ ಬಿಗಿದು.
ನೀಲಿ ಹತ್ತಿರ ಬಂತು. ಹಿಂದೆ ಕೆಂಪು ಚುಕ್ಕೆ ಬೆಳೆಯತೊಡಗಿತು.
ಕಸಪೊರಕೆ ಹಿಡಿದವಳು ಗೋಡೆಯ ಹತ್ತಿರ ಹೋಗಿ
ತಂತಿ ಕಿತ್ತೆ.

ಹಳೆಯದರ ವೇಷ ಅಂದೆನಲ್ಲ:
ಚಿತ್ರ ತಟ್ಟನೆ ಆರಲಿಲ್ಲ.
ಕಡಲು, ಮೋಡ, ಬೆನ್ನಟ್ಟಿದವನು ಎಲ್ಲ ಮುದುಡಿ ಮುದುಡಿ
ನಡುವೆ ಒಂದೇ ಒಂದು ಬಿಳಿ ಚುಕ್ಕೆ,
ರಾತ್ರಿಯ ಓಡುದಾರಿಯ ಕೊನೆಯ ದೀಪದಷ್ಟು.
ಎವಾರಿಸ್ಟೊ ಕೋಲು ಬಿಟ್ಟ.
ಎರಡು ಕೈಯನ್ನೂ ತೊಡೆಯ ಮೇಲಿಟ್ಟು
ಅದು ಆರುವ ತನಕ ಕೂತ.
ಆಮೇಲೆ ಕಾಲು ಹೊರಗೆ ಚಾಚಿ ತಡಕಿದ.
ತನ್ನ ಸರದಿಯ ಅವಸರಕ್ಕೆ ಉಲೀಸೆಸ್
ಮಣೆಯನ್ನು ಕಾಲಿನಿಂದ ತಳ್ಳಿದ, ಅದು ಸರಿಯಾಗಿ ಬಂದು ಸಿಕ್ಕಿತು.
ಇಳಿದ. ಮಾತ್ರೆಯ ಚೀಲ ಮರೆತು ಹೊರಟು,
ಮತ್ತೆ ಬಂದು ತಗೊಂಡ.

ಫ್ಯೂಸು ಹೋಗಿತ್ತು ಅಂದೆ.
ಮತ್ತೆ ಹೊತ್ತಿಸಿದಾಗ ಅಂಕದ ಪಟ್ಟಿ ಪೂರ್ತಿ ಅಳಿಸಿತ್ತು,
ನಲವತ್ತು ಸಾವಿರವೂ ಸೊನ್ನೆ.
ಉಲೀಸೆಸ್ ಎರಡು ವಾರ
ನನ್ನ ಬಳಿ ಬಿಲ್ಲೆ ಕೊಳ್ಳಲಿಲ್ಲ.